ಕಲಬುರಗಿಯಿಂದ ಕುದುರೆಮುಖಕ್ಕೆ: ಮನೆಮಂದಿಯೆಲ್ಲ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಮನೆಗಳಲ್ಲಿ ಪ್ರವಾಸ ಅಂದರೆ ಸಾಮಾನ್ಯವಾಗಿ ಒಂದು ಉದ್ದನೆಯ ಪಟ್ಟಿ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು, ನಡುವೆ ಎಲ್ಲಾದರೂ ಒಂದು ಜಲಪಾತ. ಐದು ದಿನದಲ್ಲಿ ಎಲ್ಲ ಮುಗಿಸಿ, ಕಾಲು ಬಾವು ಬಂದು, ಮಕ್ಕಳು ಗಾಡಿಯಲ್ಲೇ ನಿದ್ದೆ ಮಾಡಿ ಊರಿಗೆ ಬರುತ್ತೇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಆ ಪಟ್ಟಿ ಹಿಡಿದು ಹೋಗಬೇಡಿ. ಈ ಕಾಡು ನಿಂತು ನೋಡುವವರಿಗೆ ಮಾತ್ರ ಕಾಣುತ್ತದೆ. ಒಂದೇ ಊರಲ್ಲಿ ಕನಿಷ್ಠ ಮೂರು ರಾತ್ರಿ ಉಳಿಯುವುದು ಮೊದಲ ತೀರ್ಮಾನ ಆಗಲಿ. ಉಳಿದ ಯೋಜನೆಯನ್ನೆಲ್ಲ ಅದರ ಸುತ್ತ ಕಟ್ಟಿಕೊಳ್ಳಬಹುದು.

ಉದ್ಯಾನದ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಹರಡಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಇಲ್ಲಿ ವರ್ಷಗಟ್ಟಲೆ ಕಬ್ಬಿಣದ ಅದಿರಿನ ಗಣಿ ನಡೆದಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಗಣಿಗಾಗಿ ಕಟ್ಟಿದ ಪಟ್ಟಣ ಈಗಲೂ ಇದೆ, ಆದರೆ ಬಹುಪಾಲು ಮನೆಗಳು ಖಾಲಿ. ದೊಡ್ಡ ಮಕ್ಕಳಿದ್ದರೆ ಇದನ್ನು ಹೊರಡುವ ಮೊದಲೇ ಹೇಳಿ. ಅಲ್ಲಿ ಆ ಖಾಲಿ ಮನೆಗಳನ್ನು ನೋಡಿದಾಗ ಅವರೇ ಪ್ರಶ್ನೆ ಕೇಳುತ್ತಾರೆ.

ಹಂತ 1: ಯಾವಾಗ ಹೋಗಬೇಕು?

ನಮ್ಮಲ್ಲಿ ವರ್ಷಕ್ಕೆ ಏಳುನೂರು ಚಿಲ್ಲರೆ ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆ ವರ್ಷ. ಕುದುರೆಮುಖದ ಕಡೆ ಏಳು ಸಾವಿರದ ಹತ್ತಿರ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಸುರಿಯುವುದು ನಾವು ಕಂಡ ಮಳೆ ಅಲ್ಲ. ಮರ ಬೀಳುತ್ತದೆ, ಗುಡ್ಡ ಜರಿಯುತ್ತದೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮಳೆಗಾಲ ಬೇಡವೇ ಬೇಡ. ಕಡುಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣದ ದಾರಿಗಳನ್ನು ಮುಚ್ಚುವುದುಂಟು.

ಹಾಗಾಗಿ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಅದರಲ್ಲೂ ನಮಗೆ ಎರಡು ಸಮಯ ಹೊಂದುತ್ತದೆ. ಒಂದು, ದಸರಾ ರಜೆಯ ಕೊನೆಯ ಭಾಗದಿಂದ ದೀಪಾವಳಿ ಮುಗಿಯುವ ತನಕ. ಹುಲ್ಲು ಹಸಿರಾಗಿರುತ್ತದೆ, ಜಲಪಾತಗಳಲ್ಲಿ ನೀರಿರುತ್ತದೆ, ಸಂಜೆ ಒಂದೊಂದು ಮಳೆ ಬಂದರೂ ಬರಬಹುದು. ಇನ್ನೊಂದು, ತೊಗರಿ ರಾಶಿ ಮುಗಿದ ಮೇಲೆ. ಹೊಲ ಇರುವ ಮನೆಯವರಿಗೆ ಡಿಸೆಂಬರ್, ಜನವರಿಯಲ್ಲಿ ಊರು ಬಿಡಲು ಆಗುವುದಿಲ್ಲ. ಫೆಬ್ರವರಿಯಲ್ಲಿ ಆಕಾಶ ತಿಳಿ ಇರುತ್ತದೆ, ಗುಡ್ಡದ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಆಗ ಮಕ್ಕಳ ಪರೀಕ್ಷೆ ಹತ್ತಿರ ಬಂದಿರುತ್ತದೆ, ಅದೊಂದು ತೊಡಕು.

ಶನಿವಾರ, ಭಾನುವಾರಕ್ಕೆ ಇನ್ನೊಂದು ರಜೆ ಸೇರಿದ ವಾರ ಸುತಾರಾಂ ಬೇಡ. ಬೆಂಗಳೂರಿನ ಗಾಡಿಗಳೆಲ್ಲ ಆಗ ಅಲ್ಲೇ ಇರುತ್ತವೆ. ನಾವು ಅಷ್ಟು ದೂರದಿಂದ ಹೋಗುವವರು, ಹೇಗೂ ವಾರ ರಜೆ ಹಾಕಲೇಬೇಕು. ಸೋಮವಾರದಿಂದ ಶುಕ್ರವಾರ ಅಲ್ಲಿರುವ ಹಾಗೆ ನೋಡಿಕೊಳ್ಳಿ.

ಹಂತ 2: ಮನೆಯವರನ್ನು ಕೂರಿಸಿಕೊಂಡು ಮಾತಾಡಿ

ಇದನ್ನು ಬಿಟ್ಟು ಬುಕಿಂಗ್‌ಗೆ ಹೋಗುವವರೇ ಜಾಸ್ತಿ. ಯಾರು ಎಷ್ಟು ನಡೆಯಬಲ್ಲರು, ಯಾರಿಗೆ ಮಂಡಿ ನೋವು, ಯಾರಿಗೆ ತಿರುವಿನ ದಾರಿಯಲ್ಲಿ ವಾಂತಿ, ಯಾರ ಬಿ.ಪಿ., ಸಕ್ಕರೆ ಗುಳಿಗೆ ಯಾವ ಹೊತ್ತಿಗೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮುತ್ಯಾನನ್ನು ಕೇಳಿದರೆ "ನನಗೇನಾಗ್ಯದ, ನಾ ನಡೀತೀನಿ" ಅಂತಲೇ ಹೇಳುತ್ತಾರೆ. ಆ ಮಾತಿನ ಮೇಲೆ ಯೋಜನೆ ಹಾಕಬೇಡಿ. ಹೊರಡುವ ಒಂದು ತಿಂಗಳ ಮೊದಲು ಎಲ್ಲರನ್ನೂ ಕರೆದುಕೊಂಡು ಒಂದು ದಿನ ಚಿಂಚೋಳಿ ಕಡೆ ಹೋಗಿ ಬನ್ನಿ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾದ ಕಾಡು ನಮ್ಮ ಜಿಲ್ಲೆಯಲ್ಲೇ ಇದೆ. ಚಂದ್ರಂಪಳ್ಳಿ ಕೆರೆ ಕಡೆ, ಗೊಟ್ಟಂಗೊಟ್ಟ ಕಡೆ ಸ್ವಲ್ಪ ನಡೆದರೆ ಯಾರಿಗೆ ಎಷ್ಟು ತ್ರಾಣ ಇದೆ ಅಂತ ಗೊತ್ತಾಗುತ್ತದೆ. ಯಾದಗಿರಿಯವರಿಗೆ ಕೋಟೆ ಗುಡ್ಡ ಊರೊಳಗೇ ಇದೆ, ಬೆಳಗ್ಗೆ ಹತ್ತಿ ಇಳಿದು ನೋಡಿ. ಹೊಸ ಬೂಟು ಕಾಲಿಗೆ ಕಚ್ಚುತ್ತದೋ ಇಲ್ಲವೋ ಅನ್ನುವುದೂ ಇಲ್ಲೇ ತಿಳಿಯಲಿ.

ಇಡೀ ಪ್ರವಾಸದ ವೇಗ ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ. ಅದಕ್ಕಿಂತ ಹೆಚ್ಚು ಎಳೆದರೆ ಎರಡನೇ ದಿನಕ್ಕೇ ಮನಸ್ತಾಪ ಶುರುವಾಗುತ್ತದೆ.

ಹಂತ 3: ರೈಲೋ, ಗಾಡಿಯೋ?

ಕಲಬುರಗಿಯಿಂದ ಕುದುರೆಮುಖ ಆರು ನೂರು ಕಿಲೋಮೀಟರ್ ದಾಟುತ್ತದೆ.

ನನ್ನ ಮಟ್ಟಿಗೆ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಹಿಡಿಯುವುದೇ ಸುಖ. ರಾತ್ರಿ ಕಲಬುರಗಿಯಲ್ಲಿ ಹತ್ತಿದರೆ ಯಾದಗಿರಿ, ರಾಯಚೂರು, ಬೆಂಗಳೂರು ದಾಟಿ ಮರುದಿನ ಹಾಸನದಲ್ಲಿ ಇಳಿಯಬಹುದು. ಬೀದರ್ ಕಡೆಯವರು ಬೀದರ್–ಕಲಬುರಗಿ ರೈಲಿನಲ್ಲಿ ಬಂದು ಇದನ್ನು ಹಿಡಿಯಬಹುದು, ಆದರೆ ಎರಡು ರೈಲಿನ ನಡುವೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ಈಗ ರೈಲ್ವೆ ಟಿಕೆಟ್ ಬುಕಿಂಗ್ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ದಸರಾ ರಜೆಗಾದರೆ ಆ ದಿನ ಬೆಳಗ್ಗೆಯೇ ಕೂತು ಮಾಡಬೇಕು. ವಯಸ್ಸಾದವರಿಗೆ ಕೆಳಗಿನ ಬರ್ತ್ ಬೇಕೆಂದು ಆಗಲೇ ಗುರುತು ಮಾಡಿ.

ಹಾಸನದಿಂದ ಉದ್ಯಾನದ ಹತ್ತಿರದ ಊರಾದ ಕಳಸಕ್ಕೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ನಾಲ್ಕೈದು ಗಂಟೆ. ಗಾಡಿಯನ್ನು ಹಾಸನದಲ್ಲಿ ಇಳಿದ ಮೇಲೆ ಹುಡುಕಬೇಡಿ. ಉಳಿಯುವ ಹೋಂಸ್ಟೇಯವರಿಗೆ ಹೇಳಿದರೆ ಅವರ ಕಡೆಯ ಡ್ರೈವರನ್ನೇ ಕಳಿಸುತ್ತಾರೆ. ಘಟ್ಟದ ದಾರಿ ಅವರಿಗೆ ದಿನದ ಓಡಾಟ, ಚೆಕ್‌ಪೋಸ್ಟ್‌ನ ನಿಯಮವೂ ಗೊತ್ತಿರುತ್ತದೆ. ದಾರಿಯಲ್ಲಿ ಬೇಲೂರಿನ ಗುಡಿ ಬರುತ್ತದೆ. ಹೊತ್ತಿದ್ದರೆ ನೋಡಿ, ಇಲ್ಲದಿದ್ದರೆ ವಾಪಸ್ ಬರುವಾಗ.

ಸ್ವಂತ ಗಾಡಿಯಲ್ಲೇ ಹೋಗುತ್ತೇವೆ ಅನ್ನುವವರಿಗೆ ಒಂದೇ ಮಾತು: ಒಂದೇ ದಿನದಲ್ಲಿ ಹೊಡೆಯಬೇಡಿ. ಹನ್ನೆರಡು ತಾಸು ಓಡಿಸಿ ದಣಿದ ಮೇಲೆ, ಕತ್ತಲಲ್ಲಿ, ಮಂಜಿನಲ್ಲಿ ಘಟ್ಟ ಸಿಗುತ್ತದೆ. ಹೊಸಪೇಟೆ ಅಥವಾ ಚಿತ್ರದುರ್ಗದಲ್ಲಿ ರಾತ್ರಿ ನಿಲ್ಲಿ. ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಕುಷ್ಟಗಿ, ಹೊಸಪೇಟೆ ಮೊದಲ ದಿನ. ಚಿತ್ರದುರ್ಗ, ಕಡೂರು, ಚಿಕ್ಕಮಗಳೂರು, ಬಾಳೆಹೊನ್ನೂರು, ಕಳಸ ಎರಡನೇ ದಿನ. ಬಾಳೆಹೊನ್ನೂರಿನಲ್ಲಿ ಭದ್ರೆಯ ದಂಡೆಯ ಮೇಲೆ ರಂಭಾಪುರಿ ಪೀಠ ಇದೆ. ನಮ್ಮ ಕಡೆಯ ಅನೇಕ ಮನೆಗಳವರು ಅಲ್ಲಿ ನಿಂತೇ ಮುಂದೆ ಹೋಗುತ್ತಾರೆ. ದಾರಿಯಲ್ಲೇ ಇರುವುದರಿಂದ ಅದಕ್ಕೆ ಬೇರೆ ದಿನ ಬೇಕಿಲ್ಲ.

ಈ ರಸ್ತೆ ಪ್ರಯಾಣದಲ್ಲಿ ಮಕ್ಕಳಿಗೆ ತೋರಿಸಲೇಬೇಕಾದ ಒಂದು ಸಂಗತಿ ಇದೆ. ಜೇವರ್ಗಿಗೆ ಹೋಗುವಾಗ ಕಟ್ಟಿಸಂಗಾವಿ ಸೇತುವೆ ಮೇಲೆ ಭೀಮೆಯನ್ನು ದಾಟುತ್ತೀರಿ. ಸುರಪುರ ದಾಟಿದ ಮೇಲೆ ತಿಂಥಣಿ ಸೇತುವೆ ಮೇಲೆ ಕೃಷ್ಣೆ. ಹೊಸಪೇಟೆಯಲ್ಲಿ ತುಂಗಭದ್ರೆಯ ಅಣೆಕಟ್ಟು. ಭೀಮೆಯೂ ತುಂಗಭದ್ರೆಯೂ ಕೊನೆಗೆ ಕೃಷ್ಣೆಯನ್ನೇ ಸೇರುತ್ತವೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ. ನೇತ್ರಾವತಿಯ ಮೂಲವೂ ಅಲ್ಲೇ, ಅದು ಮಾತ್ರ ಪಡುವಣಕ್ಕೆ ಹರಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ತುಂಗೆ, ಭದ್ರೆ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ ಹೊಸಪೇಟೆಗೆ ಬಂದು ರಾಯಚೂರು, ಕೊಪ್ಪಳದ ಗದ್ದೆಗಳಿಗೆ ನೀರು ಕೊಡುತ್ತವೆ. ಸಿಂಧನೂರಿನ ಅಕ್ಕಿ ಉಣ್ಣುವವರಿಗೆ ಆ ಗುಡ್ಡದ ಋಣ ಇದೆ. ಗಾಡಿಯಲ್ಲಿ ಒಂದು ನಕ್ಷೆ ಇಟ್ಟುಕೊಂಡು, ಪ್ರತಿ ಸೇತುವೆ ಬಂದಾಗ ಮಕ್ಕಳಿಂದಲೇ ಗುರುತು ಹಾಕಿಸಿ. ಕಳಸದಲ್ಲಿ ಭದ್ರೆಯನ್ನು ನೋಡಿದಾಗ, ಹೊಸಪೇಟೆಯಲ್ಲಿ ಸಮುದ್ರದ ಹಾಗೆ ಕಂಡ ನೀರು ಇಲ್ಲಿಂದ ಹೋದದ್ದು ಅಂತ ಅವರಿಗೇ ಹೊಳೆಯುತ್ತದೆ.

ಹಂತ 4: ಉಳಿಯುವ ಜಾಗ

ಕಳಸ, ಸಂಸೆ, ಹೊರನಾಡು ಈ ಮೂರರ ಸುತ್ತ ಹೋಂಸ್ಟೇಗಳು ಬೇಕಾದಷ್ಟಿವೆ. ಕಾಡಿನ ಒಳಗೇ ಉಳಿಯಬೇಕು ಅಂದರೆ ಭಗವತಿ ಪ್ರಕೃತಿ ಶಿಬಿರ ಇದೆ, ಮುಂಚೆ ಬುಕ್ ಮಾಡದೆ ಸಿಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ನಾನು ಕಳಸವನ್ನೇ ಹೇಳುತ್ತೇನೆ. ಅಂಗಡಿ, ಔಷಧಿ, ಆಸ್ಪತ್ರೆ, ಎ.ಟಿ.ಎಂ. ಕೈಗೆ ಹತ್ತಿರ.

ಫೋನ್ ಮಾಡಿದಾಗ ಫೋಟೋ ನೋಡಿ ಮರುಳಾಗದೆ ಸೀದಾ ಕೇಳಿ. "ಸರ, ನಮ್ ಮನ್ಯಾಗ ವಯಸ್ಸಾದವ್ರು ಅದಾರ್ರಿ, ರೂಮಿಗೆ ಎಷ್ಟು ಮೆಟ್ಟಿಲು ಹತ್ತಬೇಕ್ರಿ? ಗಾಡಿ ಬಾಗಿಲ ತನಕ ಬರ್ತದೇನ್ರಿ, ಜೀಪಿನ್ಯಾಗೇ ಹೋಗಬೇಕೇನ್ರಿ?" ಮಲೆನಾಡಿನಲ್ಲಿ ಎಷ್ಟೋ ಹೋಂಸ್ಟೇಗಳು ತೋಟದ ಒಳಗೆ, ಇಳಿಜಾರಿನಲ್ಲಿ ಇರುತ್ತವೆ. ಕಮೋಡ್ ಇದೆಯೇ, ಬಿಸಿನೀರು ಒಲೆಯದೋ ಗೀಸರಿನದೋ, ಕರೆಂಟ್ ಹೋದರೆ ಏನು ವ್ಯವಸ್ಥೆ ಅಂತಲೂ ಕೇಳಿ. ಬಾಡಿಗೆ ಹೆಚ್ಚಿನ ಕಡೆ ತಲೆಗೆ ಇಷ್ಟು ಅಂತ, ಊಟ ಸೇರಿಸಿಯೇ ಇರುತ್ತದೆ. ಮಕ್ಕಳಿಗೆ ಎಷ್ಟು, ಚಾ, ತಿಂಡಿ ಸೇರಿದೆಯೇ ಅಂತ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಊಟದ ಮಾತು ಬಂತು. ಅಲ್ಲಿ ಅಡುಗೆಗೆ ತೆಂಗಿನಕಾಯಿ, ಎಷ್ಟೋ ಮನೆಗಳಲ್ಲಿ ತೆಂಗಿನೆಣ್ಣೆ, ಕೆಲವು ಕಡೆ ಕುಚ್ಚಲಕ್ಕಿ ಅನ್ನ. ಅಕ್ಕಿ ರೊಟ್ಟಿ, ಕಡುಬು ಮಕ್ಕಳಿಗೆ ಬಹಳ ಹಿಡಿಸುತ್ತವೆ. ಆದರೆ ದಿನಾ ಜೋಳದ ರೊಟ್ಟಿ ಉಂಡ ಆಯಿಗೆ ಮೂರು ದಿನ ಅದು ಸೇರುವುದು ಕಷ್ಟ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ಯಿರಿ. ಒಂದು ಎಚ್ಚರ ಬೇಕು. ನಮ್ಮ ಕಡೆಯ ಹಾಗೆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟರೆ ಅಲ್ಲಿನ ತೇವಕ್ಕೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ, ಆಮೇಲೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ದಿನಕ್ಕೆ ಒಂದೇ ಡಬ್ಬಿ ತೆರೆಯಿರಿ. ಹಿಂಡಿಗೂ ಒದ್ದೆ ಚಮಚ ತಾಗಿಸಬೇಡಿ.

ಹಂತ 5: ಚಾರಣದ ಅನುಮತಿ

ಕುದುರೆಮುಖ ಶಿಖರಕ್ಕೆ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ ಇಷ್ಟೇ ಮಂದಿ ಅಂತ ಮಿತಿ ಇದೆ. ಬುಕಿಂಗ್ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ. ಹೋಗುವವರೆಲ್ಲರ ಆಧಾರ್ ಕಾರ್ಡ್ ಕೈಯಲ್ಲಿ ಇಟ್ಟುಕೊಂಡು ಕೂರಿ. ಅನುಮತಿಯನ್ನು ಪ್ರಿಂಟ್ ತೆಗೆದುಕೊಂಡೇ ಹೋಗಿ. ಅಲ್ಲಿ ನೆಟ್‌ವರ್ಕ್ ನಂಬಿ ಮೊಬೈಲ್ ತೋರಿಸುತ್ತೇನೆ ಅಂದರೆ ಆಗುವುದಿಲ್ಲ.

ದಾರಿ ಶುರುವಾಗುವುದು ಮುಳ್ಳೋಡಿಯಿಂದ. ಸಂಸೆ ಹತ್ತಿರದ ಬಾಳೆಗಲ್‌ನಿಂದ ಅಲ್ಲಿಗೆ ಜೀಪಿನಲ್ಲಿ ಹೋಗಬೇಕು, ರಸ್ತೆ ಅಷ್ಟು ಕೆಟ್ಟದ್ದು. ಹೋಗಿ ಬರುವುದು ಸೇರಿ ಸುಮಾರು ಇಪ್ಪತ್ತು ಕಿಲೋಮೀಟರ್ ನಡಿಗೆ. ಹಳ್ಳ ದಾಟಬೇಕು, ಕೊನೆಯಲ್ಲಿ ಏರು ಕಡಿದು. ಬೆಳಗ್ಗೆ ಬೇಗ ಬಿಟ್ಟರೂ ಇಳಿಯುವಾಗ ಸಂಜೆ ಆಗುತ್ತದೆ.

ಇದಕ್ಕೆ ಇಡೀ ಕುಟುಂಬ ಹೋಗುವುದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹತ್ತು ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಇದು ಆಟ ಅಲ್ಲ. ಅರ್ಧ ದಾರಿಯಲ್ಲಿ ಮಗು ಕೂತುಬಿಟ್ಟರೆ ಹೊತ್ತು ತರಲು ದಾರಿ ಇಲ್ಲ, ಗಾಡಿಯಂತೂ ಬರುವುದಿಲ್ಲ. ಗಟ್ಟಿ ಇರುವ ಮೂರ್ನಾಲ್ಕು ಮಂದಿ ಶಿಖರಕ್ಕೆ ಹೋಗಲಿ, ಉಳಿದವರು ಆ ದಿನ ಹೊರನಾಡಿನ ಅನ್ನಪೂರ್ಣೇಶ್ವರಿ ದರ್ಶನಕ್ಕೆ ಹೋಗಿ ಅಲ್ಲೇ ಪ್ರಸಾದ ಉಂಡು ಬರಲಿ. ಮಕ್ಕಳಿಗೂ ಬೆಟ್ಟ ಹತ್ತಿಸಲೇಬೇಕು ಅಂದರೆ ಕುರಿಂಜಾಲು, ಗಂಗಡಿಕಲ್ಲು ಶಿಖರದ ದಾರಿಗಳಿವೆ. ಕುದುರೆಮುಖದಷ್ಟು ಉದ್ದವಲ್ಲ, ಆದರೆ ಅವಕ್ಕೂ ಅನುಮತಿ ಬೇಕು.

ಹಂತ 6: ದಿನದ ಲೆಕ್ಕ

ತಲುಪಿದ ಸಂಜೆ ಏನೂ ಬೇಡ. ಬಿಸಿನೀರು, ಊಟ, ನಿದ್ದೆ.

ಮೊದಲ ಪೂರ್ತಿ ದಿನ ಕಾಡಿನ ರಸ್ತೆಗೆ ಮೀಸಲಿಡಿ. ಕಳಸದಿಂದ ಸಂಸೆ, ಕುದುರೆಮುಖ ಪಟ್ಟಣ, ಅಲ್ಲಿಂದ ಕಾರ್ಕಳದ ದಾರಿ. ಉದ್ಯಾನದ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರ್, ಸಮಯ ಬರೆದು ಚೀಟಿ ಕೊಡುತ್ತಾರೆ, ಆ ಕಡೆಯ ಗೇಟಿನಲ್ಲಿ ಅದನ್ನು ನೋಡುತ್ತಾರೆ. ಎಲ್ಲೆಂದರಲ್ಲಿ ನಿಲ್ಲಿಸಿ ಊಟ ಬಿಚ್ಚುವಂತಿಲ್ಲ, ಹಳ್ಳಕ್ಕೆ ಇಳಿಯುವಂತಿಲ್ಲ. ಪ್ಲಾಸ್ಟಿಕ್, ಮದ್ಯ ಇದೆಯೇ ಅಂತ ಗಾಡಿ ತಪಾಸಣೆ ಮಾಡುತ್ತಾರೆ. ಕುರುಕುಲು ತಿಂಡಿಯ ಪೊಟ್ಟಣಗಳನ್ನು ಹೋಂಸ್ಟೇಯಲ್ಲೇ ಬಿಟ್ಟು, ಪುಟಾಣಿ, ಚುರುಮುರಿ ಡಬ್ಬಿಯಲ್ಲಿ ತೆಗೆದುಕೊಳ್ಳಿ. ಈ ರಸ್ತೆಯನ್ನು ಹಗಲಲ್ಲೇ ಮುಗಿಸಿ.

ದಾರಿಯ ಪಕ್ಕದಲ್ಲೇ ಕದಂಬಿ ಜಲಪಾತ ಕಾಣುತ್ತದೆ, ಮುತ್ಯಾ, ಆಯಿ ಗಾಡಿ ಇಳಿದರೆ ಸಾಕು. ಹನುಮನಗುಂಡಿ ಜಲಪಾತಕ್ಕೆ ಮಾತ್ರ ಸಾಕಷ್ಟು ಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ, ಮಂಡಿ ನೋವಿನವರಿಗೆ ಹತ್ತುವಾಗ ಗೊತ್ತಾಗುತ್ತದೆ. ಅವರು ಮೇಲೆಯೇ ಕೂತಿರಲಿ. ಪಾಚಿಕಟ್ಟಿದ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಮಕ್ಕಳಿಗೆ ಮೊದಲೇ ಹೇಳಿಬಿಡಿ, ಹುಲಿ ತೋರಿಸುವ ಸಫಾರಿ ಅಲ್ಲ ಇದು. ಹುಲಿ, ಚಿರತೆ, ಕಾಟಿ (ಕಾಡುಕೋಣ), ಕಡವೆ ಎಲ್ಲ ಇವೆ, ಕಾಣುವುದು ಅಪರೂಪ. ಕಿವಿ ತೆರೆದಿಟ್ಟರೆ ಸಿಂಗಳೀಕದ ಕೂಗು ಕೇಳಬಹುದು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಈ ಕೋತಿ ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಗುಡ್ಡಗಳನ್ನೂ ತೋರಿಸಿ. ಮೈತುಂಬ ಬರೀ ಹುಲ್ಲು, ಎರಡು ಗುಡ್ಡ ಸೇರುವ ಕಣಿವೆಯಲ್ಲಿ ಮಾತ್ರ ದಟ್ಟ ಕಾಡು. ಆ ಕಾಡಿಗೆ ಶೋಲಾ ಅನ್ನುತ್ತಾರೆ. ಹುಲ್ಲಿನ ಬೇರು, ಶೋಲಾದ ನೆಲ ಮಳೆಗಾಲದ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ಮಳೆ ನಿಂತು ತಿಂಗಳುಗಳಾದ ಮೇಲೂ ಅಲ್ಲಿನ ಹಳ್ಳ ಹರಿಯುವುದು ಇದರಿಂದಲೇ.

ಎರಡನೇ ದಿನ ಚಾರಣ ಮತ್ತು ಹೊರನಾಡು. ಮೂರನೇ ದಿನ ಮೈಕೈ ನೋವು ಹೇಗಿದೆ ನೋಡಿ ಶೃಂಗೇರಿಗೆ ಹೋಗಬಹುದು. ತುಂಗೆಯ ಮೆಟ್ಟಿಲ ಬಳಿ ದೊಡ್ಡ ದೊಡ್ಡ ಮೀನುಗಳಿವೆ, ಮಕ್ಕಳು ಅಲ್ಲಿಂದ ಏಳುವುದಿಲ್ಲ. ಯಾರಿಗೂ ಹೊರಡುವ ಮನಸ್ಸಿಲ್ಲದಿದ್ದರೆ ಕಳಸದ ಕಳಸೇಶ್ವರನ ಗುಡಿಗೆ ಹೋಗಿ ಬಂದು ಅಂಗಳದಲ್ಲಿ ಕೂರಿ. ಧರ್ಮಸ್ಥಳ, ಉಡುಪಿಯನ್ನು ಇನ್ನೊಂದು ಸಲಕ್ಕೆ ಇಡಿ.

ಹಂತ 7: ಘಟ್ಟದಲ್ಲಿ ಗಾಡಿ

ನಮ್ಮ ಬಯಲಿನ ರಸ್ತೆಯಲ್ಲಿ ಎಷ್ಟೇ ವರ್ಷ ಓಡಿಸಿದ್ದರೂ ಘಟ್ಟ ಬೇರೆ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಯಾವ ಕಾರಣಕ್ಕೂ ಬೇಡ. ಏರಿ ಬರುವ ಗಾಡಿಗೆ ದಾರಿ ಬಿಡುವುದು ಅಲ್ಲಿನ ರೂಢಿ. ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡಿ. ಮಂಜಿದ್ದರೆ ಲೈಟ್ ಡಿಮ್‌ನಲ್ಲೇ ಇರಲಿ, ಹೈ ಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆ ಕಾಣುತ್ತದೆ. ಬ್ರೇಕ್, ಟೈರ್, ವೈಪರ್ ಮೂರನ್ನೂ ಹೊರಡುವ ಮೊದಲೇ ಕಲಬುರಗಿಯಲ್ಲಿ ತೋರಿಸಿ. ಡೀಸೆಲ್, ಪೆಟ್ರೋಲ್ ಚಿಕ್ಕಮಗಳೂರಿನಲ್ಲೇ ಪೂರ್ತಿ ತುಂಬಿಸಿಕೊಳ್ಳಿ.

ವಾಂತಿ ಆಗುವವರು ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಲಿ. ಮೊಬೈಲ್ ಬೇಡ, ಹೊಟ್ಟೆ ತುಂಬ ಊಟವೂ ಬೇಡ. ಶುಂಠಿ, ನಿಂಬೆಹಣ್ಣು ಇರಲಿ. ಮಕ್ಕಳಿಗೆ ಗುಳಿಗೆ ಬೇಕಾದರೆ ಊರಲ್ಲೇ ಡಾಕ್ಟರನ್ನು ಕೇಳಿ ತನ್ನಿ.

ಹಂತ 8: ಚೀಲದಲ್ಲಿ ಏನಿರಬೇಕು

ಛತ್ರಿಗಿಂತ ರೇನ್‌ಕೋಟ್ ಒಳ್ಳೆಯದು, ಗುಡ್ಡದ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಒಗೆದ ಬಟ್ಟೆ ಅಲ್ಲಿ ಬೇಗ ಒಣಗುವುದಿಲ್ಲ, ಒಂದೆರಡು ಜೊತೆ ಜಾಸ್ತಿ ಇಡಿ, ಕಾಲುಚೀಲವಂತೂ ಇನ್ನೂ ಜಾಸ್ತಿ. ನಲವತ್ತು ಡಿಗ್ರಿ ಬಿಸಿಲಿಗೆ ಹೊಂದಿದ ಮೈ ನಮ್ಮದು, ರಾತ್ರಿಗೆ ಸ್ವೆಟರ್, ಕಿವಿಗೆ ಟೊಪ್ಪಿಗೆ ಬೇಕೇ ಬೇಕು. ಹಿಡಿತ ಇರುವ ಬೂಟು, ಟಾರ್ಚ್, ಎಲ್ಲರ ಗುಳಿಗೆ ಎರಡು ದಿನ ಹೆಚ್ಚಿಗೆ, ಸ್ಟೀಲ್ ನೀರಿನ ಬಾಟಲಿ, ನಗದು ಹಣ. ಅಲ್ಲಿ ಎಷ್ಟೋ ಕಡೆ ಬಿ.ಎಸ್.ಎನ್.ಎಲ್. ಬಿಟ್ಟರೆ ಬೇರೆ ಸಿಮ್ ಹತ್ತುವುದಿಲ್ಲ, ಮನೆಯಲ್ಲಿ ಒಬ್ಬರ ಬಳಿಯಾದರೂ ಅದು ಇದ್ದರೆ ಅನುಕೂಲ.

ಹಂತ 9: ಇಂಬಳ ಮತ್ತು ಉಣ್ಣೆ

ಇಂಬಳ ಅಂದರೆ ಕಾಡಿನ ಜಿಗಣೆ, ಉಣ್ಣೆ ಅಂದರೆ ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಉಣುಗು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ಇಂಬಳ ಒದ್ದೆ ನೆಲದಲ್ಲಿ, ಎಲೆಯ ಮೇಲೆ ಇರುತ್ತದೆ. ಕಾಲಿಗೆ ಹತ್ತಿ ರಕ್ತ ಕುಡಿದು ತಾನೇ ಬೀಳುತ್ತದೆ. ನೋವೂ ಇಲ್ಲ, ಅಂಥ ಅಪಾಯವೂ ಇಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ. ಹತ್ತಿದರೆ ಉಪ್ಪು ತಾಗಿಸಿ, ಬಿಟ್ಟುಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಮಕ್ಕಳಿಗೆ ಮೊದಲೇ ಹೇಳಿದ್ದರೆ ಚೀರುವುದಿಲ್ಲ.

ಉಣ್ಣೆ ವಿಷಯದಲ್ಲಿ ಮಾತ್ರ ಹಗುರ ಬೇಡ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಇದರಿಂದ. ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಹೋಗುವ ಊರಿನಲ್ಲಿ ಆ ವರ್ಷ ಕಾಯಿಲೆ ಕಂಡಿದೆಯೇ ಅಂತ ಹೋಂಸ್ಟೇಯವರನ್ನು ಕೇಳಿ. ಕಂಡಿದ್ದರೆ ಕಾಡಿಗೆ ಇಳಿಯುವ ಯೋಚನೆ ಬಿಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಕಾಡಿಗೆ ಹೋಗುವಾಗ ತುಂಬು ತೋಳಿನ ಬಟ್ಟೆ ಹಾಕಿ, ಉಣ್ಣೆ ಬಾರದ ಹಾಗೆ ಮೈಗೆ ಹಚ್ಚುವ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಒಣಗಿದ ಎಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ಬೆಳಕಿನಲ್ಲಿ ನೋಡಿ.

ಕಲಬುರಗಿಗೆ ಬಂದ ಮೇಲೆ ಒಂದೆರಡು ವಾರದೊಳಗೆ ಯಾರಿಗಾದರೂ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಗುಳಿಗೆ ನುಂಗಿ ಕೂರಬೇಡಿ. ಡಾಕ್ಟರ ಹತ್ತಿರ ಹೋದಾಗ, ಅವರು ಕೇಳುವ ಮೊದಲೇ, ಮಲೆನಾಡಿನ ಕಾಡಿಗೆ ಹೋಗಿ ಬಂದಿದ್ದೇವೆ ಅಂತ ಹೇಳಿ. ನಮ್ಮ ಕಡೆ ಈ ಕಾಯಿಲೆ ಇಲ್ಲದ್ದರಿಂದ ಅವರಿಗೆ ಅದು ತಾನಾಗಿ ನೆನಪಿಗೆ ಬರಲಿಕ್ಕಿಲ್ಲ.